ಒಂದೇ ರಿಂಗಿನ ಅಕ್ಕ

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತಿದ್ದೇನೋ, ಎಷ್ಟು ಸಲ ಎದ್ದಿದ್ದೇನೋ! ಒಮ್ಮೆ ಕನ್ನಡಕ ಸಿಗಲಿಲ್ಲ. ಇನ್ನೊಮ್ಮೆ ಕನ್ನಡಕ ಸಿಕ್ಕಿತು, ಧೈರ್ಯ ಸಿಗಲಿಲ್ಲ. ಇವತ್ತು ಎರಡೂ ಕೈಗೆ ಹತ್ತಿವೆ. ಯಾವುದಾದರೊಂದು ಮತ್ತೆ ಕಳೆಯುವ ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಅಕ್ಕ ಮೊಬೈಲು ಇಟ್ಟುಕೊಂಡು ಹದಿನೈದು ವರ್ಷದ ಮೇಲಾಯಿತು. ಅಷ್ಟೂ ವರ್ಷ ಅವಳು ಅದರಲ್ಲಿ ಆಡಿದ ಮಾತನ್ನೆಲ್ಲ ಒಟ್ಟು ಹಾಕಿದರೆ ಒಂದು ಕಪ್ ಚಹಾ ಆರುವಷ್ಟು ಹೊತ್ತೂ ಆಗಲಿಕ್ಕಿಲ್ಲ. ಹಾಗಿದ್ದೂ ಕಮಲಾಪುರದ ಅರ್ಧ ಊರು ಇವತ್ತು ಮನೆಯೊಳಗೆ ಕೂತು ಮೊಬೈಲಿನಲ್ಲಿ ಮಾತಾಡುತ್ತಿದ್ದರೆ ಅದಕ್ಕೆ ಕಾರಣ ಅವಳೇ. ಅದು ಹೇಗೆ ಎನ್ನುತ್ತೀರಾ? ಅದನ್ನು ಹೇಳಹೊರಟರೆ ನನ್ನ ಮಾನ ಹೋಗುತ್ತದೆ. ಹೋಗಲಿ ಬಿಡಿ, ಈ ವಯಸ್ಸಿನಲ್ಲಿ ಅದನ್ನು ಇಟ್ಟುಕೊಂಡು ಮಾಡುವುದಾದರೂ ಏನು?

ಅಕ್ಕನದು ಕಮಲಾಪುರ. ಭಾವ ಗುಡಿಯ ಪೂಜೆ ಮಾಡಿಕೊಂಡಿದ್ದವರು, ಈಗ ಆ ಪೂಜೆ ಮಗನ ಪಾಲಿಗೆ ಬಂದಿದೆ. ಹಿತ್ತಲಲ್ಲಿ ಒಂದಿಷ್ಟು ಕೆಂಪು ಬಾಳೆ. ನಾನು ಕಲಬುರಗಿಯವನು. ಹತ್ತನೇ ಇಯತ್ತೆ ಮುಗಿಸಿ ಕಪನೂರಿನ ಒಂದು ಬೇಳೆ ಮಿಲ್ಲಿನಲ್ಲಿ ಸ್ಟೋರ್ ಕೀಪರ್ ಆಗಿ, ಮೂಟೆ ಎಣಿಸುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತನಾದೆ.

ಅಕ್ಕನ ಫೋನನ್ನು ನೀವು ನೋಡಬೇಕು. ಗುಂಡಿ ಒತ್ತುವ ಫೋನು. ಒತ್ತೀ ಒತ್ತೀ ಗುಂಡಿಯ ಮೇಲಿನ ಅಂಕಿಗಳೆಲ್ಲ ಅಳಿಸಿವೆ. ಹಿಂದಿನ ಮುಚ್ಚಳ ಬೀಳದಂತೆ ರಬ್ಬರ್ ಬ್ಯಾಂಡು, ಅದಕ್ಕೆ ಥಂಡಿಯಾಗದಂತೆ ಅವಳೇ ಹೆಣೆದ ಉಣ್ಣೆಯ ಚೀಲ. ಕಲಬುರಗಿಯ ಬಿಸಿಲಿನಲ್ಲಿ ಉಣ್ಣೆ! ನಾನು ನಕ್ಕರೆ, "ಸ್ವೆಟರ್ ಹಾಕ್ಕೊಂಡಿದ್ದಕ್ಕs ಇಷ್ಟು ವರ್ಷ ಬಾಳಿಕಿ ಬಂದದ" ಅನ್ನುತ್ತಾಳೆ.

ನನ್ನ ಕಥೆ ಉಲ್ಟಾ. ನನಗೆ ವರ್ಷಕ್ಕೊಂದು ಹೊಸ ಫೋನು ಬೇಕು. ದೀಪಾವಳಿಗೆ ಅಂಗಿ ಹೊಲಿಸದಿದ್ದರೂ ನಡೆಯುತ್ತದೆ, ಸೂಪರ್ ಮಾರ್ಕೆಟಿನ ಫೋನ್ ದುಕಾನಿನಲ್ಲಿ "ಬರ್ರಿ ಕಾಕಾ, ಹೊಸಾ ಮಾಡೆಲ್ ಬಂದದ" ಎಂದು ಕುರ್ಚಿ ಹಾಕಿಸಿಕೊಳ್ಳದಿದ್ದರೆ ಹಬ್ಬ ಹಬ್ಬವೇ ಅಲ್ಲ. ಹಳೆಯದನ್ನು ಕೊಟ್ಟು ಹೊಸದನ್ನು ತಗೊಳ್ಳುವ ಆ ವ್ಯಾಪಾರದ ಗುಟ್ಟು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಗೊಳ್ಳುವಾಗ ಹೊನ್ನು, ಕೊಡುವಾಗ ಮಣ್ಣು. ಹೋದ ವರ್ಷ ಒಂದು ಎಮ್ಮೆಯ ಬೆಲೆಗೆ ತಂದದ್ದನ್ನು ಈ ವರ್ಷ ಅದರ ಹಗ್ಗದ ಬೆಲೆಗೆ ಕೇಳುತ್ತಾರೆ. ಉಳಿದದ್ದಕ್ಕೆ ತಿಂಗಳ ಕಂತು.

ಹೊಸ ಫೋನು ಬಂದಾಗಲೆಲ್ಲ ಕಮಲಾಪುರಕ್ಕೆ ಹೋಗಿ ಅಕ್ಕನಿಗೆ ತೋರಿಸಿ ಬರುತ್ತಿದ್ದೆ. ಕಳೆದ ಸಲ ಅವಳು ಅದನ್ನು ಮಗುಚಿ, ಕ್ಯಾಮೆರಾ ಎಣಿಸಿ, ಹೋದ ವರ್ಷ ಇದಕ್ಕೆ ಮೂರು ಕಣ್ಣಿದ್ದವು, ಈ ವರ್ಷ ನಾಲ್ಕಾಗಿವೆ, ನಿನಗೆ ಮಾತ್ರ ಇದ್ದ ಎರಡೂ ಮಂಜಾಗುತ್ತ ಹೊರಟಿವೆ ಎಂದಳು. ಬಣ್ಣ ನೋಡು, ಮುಂಜಾನೆಯ ಆಕಾಶದ ಬಣ್ಣ ಎಂದು ನಾನು ಹೆಮ್ಮೆಪಟ್ಟೆ. ಹೌದೇನು ಎಂದು ಕವರು ತೆಗೆದು ಬಣ್ಣ ನೋಡಿದಳು, ಮತ್ತೆ ಕವರು ಹಾಕಿ ನನ್ನ ಕೈಗಿಟ್ಟಳು.

"ಬಣ್ಣಕ್ಕ ರೊಕ್ಕಾ ಕೊಟ್ಟಿ. ಆ ಬಣ್ಣ ಮುಚ್ಚಾಕ ಮತ್ತ ರೊಕ್ಕಾ ಕೊಟ್ಟಿ. ಶಾಣ್ಯಾ ಇದ್ದಿ ತಮ್ಮಾ."

ಫೋನನ್ನು ಕಿಸೆಗೆ ತುರುಕಿ ಹೋಳಿಗೆಯ ತಾಟಿಗೆ ಕೈ ಹಾಕಿದೆ.

ಇನ್ನು ಅವಳ ಮಿಸ್ಡ್ ಕಾಲ್ ಶಾಸ್ತ್ರ. ಮುಂಜಾನೆ ಒಂದು ರಿಂಗು ಕೊಟ್ಟರೆ 'ಎದ್ದಿಯಾ? ಬಿ.ಪಿ. ಗುಳಿಗಿ ತಗೊಂಡ್ಯಾ?' ಎಂದರ್ಥ. ನಾನು ಅದನ್ನು ಕಟ್ ಮಾಡಿದರೆ 'ತಗೊಂಡೆ' ಎಂದರ್ಥ. ಎರಡು ರಿಂಗು ಎಂದರೆ ಬಸ್ಸಿನಲ್ಲಿ ಬಾಳೆಹಣ್ಣು ಕಳಿಸಿದ್ದೇನೆ, ಹೋಗಿ ಇಳಿಸಿಕೋ. ಮೂರು ಎಂದರೆ ಹೋಳಿಗೆ ಮಾಡಿದ್ದೇನೆ, ಬಾ. ನಾಲ್ಕು ಎಂದರೆ ಫೋನು ಮೊಮ್ಮಗಳ ಕೈಗೆ ಸಿಕ್ಕಿದೆ, ಲಕ್ಷ್ಯ ಕೊಡಬೇಡ. ಯಾವುದನ್ನೂ ಎತ್ತಬಾರದು. ಒಮ್ಮೆ ಕೈತಪ್ಪಿ ಎತ್ತಿಬಿಟ್ಟೆ. "ಎತ್ತಬ್ಯಾಡ" ಎಂದು ಹೇಳಿ ಇಟ್ಟಳು. ನಮ್ಮಿಬ್ಬರ ನಡುವೆ ಫೋನಿನಲ್ಲಿ ನಡೆದ ಅತಿ ದೀರ್ಘ ಸಂಭಾಷಣೆ ಅದೇ.

ಈಗ ಮಾತಾಡಿದ್ದಕ್ಕೆ ಬೇರೆ ದುಡ್ಡಿಲ್ಲ ಅಕ್ಕಾ, ರೀಚಾರ್ಜಿನಲ್ಲೇ ಎಲ್ಲ ಬರುತ್ತದೆ ಎಂದು ತಿಳಿಸಿ ಹೇಳಿದೆ. "ರೊಕ್ಕಾ ಹತ್ತದಿದ್ರ ಏನಾತು, ಮಾತು ಹತ್ತತಾವಲ್ಲ" ಎಂದಳು. ರೊಕ್ಕ ಖರ್ಚಾಗದಿದ್ದರೂ ಮಾತು ಖರ್ಚಾಗುತ್ತವೆ ಎಂಬುದು ಅವಳ ಲೆಕ್ಕ.

ಆ ರೀಚಾರ್ಜಿನದೂ ಒಂದು ಪುರಾಣ. ಮೊದಲು ಅವಳೇ ಊರಿನ ದುಕಾನಿಗೆ ಹೋಗಿ ಹಾಕಿಸುತ್ತಿದ್ದಳು. ಒಂದು ದಿನ ಗೋಡೆಯ ಪಂಚಾಂಗದ ಮುಂದೆ ನಿಂತು ಏನೋ ಲೆಕ್ಕ ಹಾಕಿ, ನೇರ ದುಕಾನಿಗೆ ನಡೆದಳು. ನಾನೂ ಆ ದಿನ ಅಲ್ಲೇ ಇದ್ದೆ, ಬೆನ್ನು ಹತ್ತಿದೆ.

"ನಿಮ್ಮ ತಿಂಗಳಿಗೆ ದಿನಾ ಎಷ್ಟಪಾ?"

"ಇಪ್ಪತ್ತೆಂಟು ರೀ ಬಾಯಾರ."

"ಯಾವ ಪಂಚಾಂಗದಾಗ?"

"ಕಂಪನಿ ಪಂಚಾಂಗದಾಗ ರೀ."

"ಹಂಗಾದ್ರ ವರ್ಷಕ್ಕ ಹದಿಮೂರು ತಿಂಗಳು ಆದ್ವು. ನಮ್ಮ ಅಧಿಕ ಮಾಸ ಮೂರು ವರ್ಷಕ್ಕೊಮ್ಮೆ ಬರ್ತದ, ನಿಮ್ಮ ಕಂಪನೀದು ವರ್ಷಾ ಬರ್ತದ. ವರ್ಷಾ ಕರದು ಅನಾರಸ ಕೊಡಾಕ ಅದೇನು ನಮ್ಮನಿ ಅಳಿಯನಾ?"

ಅಧಿಕ ಮಾಸದಲ್ಲಿ ಅಳಿಯನನ್ನು ಕರೆದು ಅನಾರಸವೆಂಬ ಸಿಹಿ ಕೊಟ್ಟು, ಉಡುಗೊರೆ ಮಾಡಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ದುಕಾನಿನವನಿಗೂ ಹೆಣ್ಣು ಕೊಟ್ಟ ಮಾವ ಇದ್ದ. ಅವನು ನಕ್ಕುಬಿಟ್ಟ. ನಕ್ಕದ್ದೇ ತಪ್ಪಾಯಿತು. ಇನ್ನು ಈ ದುಕಾನಿನ ಮೆಟ್ಟಿಲು ಹತ್ತುವುದಿಲ್ಲ ಎಂದು ಅಲ್ಲೇ ಆಣೆ ಮಾಡಿದಳು. ಅಂದಿನಿಂದ ರೀಚಾರ್ಜು ಹಾಕಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಅವಧಿ ಮುಗಿಯುವ ಮುನ್ನಾದಿನ ಮುಂಜಾನೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಾಳೆಹಣ್ಣಿನ ಚೀಲ ಬರುತ್ತಿತ್ತು. ಹಣ್ಣಿನ ಕೆಳಗೆ ಹಳೆಯ ಸೀರೆಯ ಚೂರಿನಲ್ಲಿ ಗಂಟು ಹಾಕಿದ ರೊಕ್ಕ.

ಇಲ್ಲಿಗೆ ನಗುವ ಭಾಗ ಮುಗಿಯಿತು ಎಂದುಕೊಳ್ಳಬೇಡಿ. ನಗಬಹುದು, ಆದರೆ ಇನ್ನು ಮುಂದೆ ನನ್ನನ್ನು ನೋಡಿ ನಗಬೇಕಾಗುತ್ತದೆ.

ಆ ತಿಂಗಳು ನನ್ನ ಮನೆಯ ಮುಂಭಾಗದ ಖೋಲಿಯ ಬಾಡಿಗೆ ಬರುವುದು ತಡವಾಯಿತು. ಫೋನಿನ ಕಂತಿಗೆ ಸ್ವಲ್ಪ ಕಡಿಮೆ ಬಿತ್ತು. ಕಂತಿನವರು ದಿನಾ ಫೋನು ಮಾಡತೊಡಗಿದರು, ಅದೂ ಅವರ ಕಂತು ಕಟ್ಟಬೇಕಾದ ಫೋನಿಗೇ! ಮಗ ಸೊಸೆಯರನ್ನು ಕೇಳಲು ನಾಚಿಕೆ. ಅಷ್ಟರಲ್ಲಿ ಬಾಳೆಹಣ್ಣಿನ ಚೀಲ ಬಂತು. ಗಂಟು ಬಿಚ್ಚಿದೆ. ಮುಂದಿನ ವಾರ ಅಕ್ಕನ ರೀಚಾರ್ಜು ಹಾಕಿಸಿದರಾಯಿತು, ಅವಳೇನು ಮಾತಾಡುವವಳೇ ಎಂದುಕೊಂಡೆ. ಆ ಮುಂದಿನ ವಾರ ಬರಲೇ ಇಲ್ಲ. ಅದರ ಬದಲು ಮುಂದಿನ ಗಂಟು ಬಂತು, ಅದೂ ಕಂತಿಗೇ ಹೋಯಿತು.

ಮುಂಜಾನೆಯ ರಿಂಗು ನಿಂತಿತು. ನಿಜ ಹೇಳುತ್ತೇನೆ, ಮೊದಮೊದಲು ಸುಖವೇ ಅನಿಸಿತು. ಎಂಟೂವರೆಯವರೆಗೆ ಮಲಗತೊಡಗಿದೆ. ಹೆಂಡತಿ ಹೋದ ಮೇಲೆ ನನ್ನನ್ನು ಎಬ್ಬಿಸುತ್ತಿದ್ದದ್ದು ಆ ರಿಂಗು ಒಂದೇ. ಮಗ ಸೊಸೆ ನಸುಕಿನಲ್ಲೇ ನೌಕರಿಗೆ ಹೋಗುವವರು. ಗುಳಿಗೆ ಒಂದು ದಿನ ತಗೊಂಡರೆ ಎರಡು ದಿನ ಮರೆತೆ.

ಎರಡನೆಯ ಗಂಟು ಕಳಿಸಿದ ಮೇಲೂ ಫೋನ್ ಯಾಕೆ ಹೋಗವಲ್ದು ಎಂದು ಅಕ್ಕ ಕೇಳಿ ಕಳಿಸಿದ್ದನ್ನು ಕಂಡಕ್ಟರ್ ತಂದು ಹೇಳಿದ. ನನ್ನ ನಾಲಿಗೆಗೆ ಅದೆಂಥ ಚುರುಕು! ಕಮಲಾಪುರದ ಟಾವರ್ ಕೆಟ್ಟಿದೆ ಎಂದು ಹೇಳು ಎಂದೆ.

ಬೇರೆ ಯಾರಾದರೂ ಆಗಿದ್ದರೆ ಹೌದೇನು ಎಂದು ಸುಮ್ಮನಾಗುತ್ತಿದ್ದರು. ಅಕ್ಕ ಮರುದಿನವೇ ತೆಂಗಿನಕಾಯಿ, ಕುಂಕುಮ, ಊದಿನಕಡ್ಡಿ ತಗೊಂಡು ಊರಾಚೆಯ ಟಾವರಿನ ಹತ್ತಿರ ಹೋದಳು. ಇಷ್ಟು ಎತ್ತರ ಇದ್ದದ್ದಕ್ಕೆ ದೃಷ್ಟಿಯಾಗದೆ ಇರುತ್ತದೆಯೇ ಎಂಬುದು ಅವಳ ತರ್ಕ. ಕಾಯಿ ಒಡೆದು ಟಾವರಿಗೆ ಇಳಿ ತೆಗೆದಳು. ಕಾವಲುಗಾರ ಪ್ರಸಾದ ತಿಂದು, ಮನಸ್ಸು ಬಿಚ್ಚಿ ಹೇಳಿದನಂತೆ: ಬಾಯಾರ, ಬ್ಯಾಟರಿ ಹೋಗಿ ಬಹಳ ದಿನವಾಯಿತು, ಕರೆಂಟು ಹೋದರೆ ಟಾವರೂ ಹೋಗುತ್ತದೆ, ಮೇಲಿನವರಿಗೆ ಹೇಳಿದರೆ ಕೇಳುವವರಿಲ್ಲ.

ನಾನು ಹೇಳಿದ ಸುಳ್ಳು ಖರೆಯಾಗಿತ್ತು! ಸುಳ್ಳು ಹೇಳಿದವನಿಗೆ ಇದಕ್ಕಿಂತ ದೊಡ್ಡ ಗಂಡಾಂತರ ಇದೆಯೇ?

ಗಲ್ಲಿಯ ಹೆಂಗಸರೆಲ್ಲ ಮೊದಲೇ ಬೇಸತ್ತಿದ್ದರು. ಗ್ಯಾಸ್ ಬುಕ್ ಮಾಡಲು ಮಾಳಿಗೆ ಹತ್ತಬೇಕು, ಓ.ಟಿ.ಪಿ. ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿರುತ್ತದೆ. ಕಲಬುರಗಿಯ ಕಂಪನಿ ಆಫೀಸಿಗೇ ಹೋಗಿ ಕೇಳೋಣ ಎಂದರು. ಅಕ್ಕ ಹೂಂ ಎಂದದ್ದೇ ತಡ, ಟೆಂಪೋ ತುಂಬಿತು. ಮಹಾಗಾಂವ ಕ್ರಾಸಿನಲ್ಲಿ ನಿಂತಾಗ ವಿಷಯ ಕೇಳಿ ಅಲ್ಲಿಯ ನಾಲ್ಕು ಜನ ಹೆಂಗಸರೂ ಹತ್ತಿಕೊಂಡರಂತೆ. ಆ ಟೆಂಪೋ ಕಂಪನಿಯ ಆಫೀಸಿಗೆ ಹೋಗುವ ಮೊದಲು ಬಂದು ನಿಂತದ್ದು ಎಲ್ಲಿ ಹೇಳಿ? ನಮ್ಮ ಮನೆಯ ಮುಂದೆ!

"ಅಂಗಿ ಹಾಕ್ಕೋ, ನಡಿ. ದೊಡ್ಡ ಫೋನಿನಾಂವ ನೀ. ನಿನ್ನ ಮಾತು ಕೇಳ್ತಾರ."

ನನಗೆ ಹೊಟ್ಟೆನೋವು ಎಂದೆ. ಓಮಿನ ಕಾಳು ಸೆರಗಿನ ಗಂಟಿನಲ್ಲೇ ಇತ್ತು, ಬಾಯಿಗೆ ಹಾಕಿದಳು.

ಆಫೀಸಿನ ಸಾಹೇಬ ನನ್ನ ಮಗನ ವಯಸ್ಸಿನವನು, ಸಭ್ಯಸ್ಥ. ಒಮ್ಮೆಲೆ ಒಳಗೆ ಬಂದ ಅಷ್ಟು ಸೀರೆಗಳನ್ನು ನೋಡಿ ಎದ್ದು ನಿಂತ. ನಾನು ಗಂಟಲು ಸರಿಮಾಡಿಕೊಂಡು ಟಾವರ್ ಎನ್ನುವಷ್ಟರಲ್ಲಿ ಅವನು, ಯಾರದಾದರೂ ಒಂದು ನಂಬರು ಕೊಡಿ, ನೋಡುತ್ತೇನೆ ಎಂದ. ಅಕ್ಕ ಉಣ್ಣೆಯ ಚೀಲದಿಂದ ಫೋನು ತೆಗೆದು ಅವನ ಮೇಜಿನ ಮೇಲಿಟ್ಟು, ನಂಬರು ಬಾಯಿಪಾಠ ಹೇಳಿದಳು. ನನಗೆ ಕಾಲ ಕೆಳಗಿನ ನೆಲ ಬಿರಿದು ಒಳಗೆ ಜಾಗ ಕೊಟ್ಟಿದ್ದರೆ ಬಾಡಿಗೆ ಕೊಟ್ಟಾದರೂ ಇರುತ್ತಿದ್ದೆ.

ಅವನು ಪರದೆ ನೋಡಿದ.

"ಅಮ್ಮಾ, ನಿಮ್ಮ ನಂಬರಿಗೆ ರೀಚಾರ್ಜ್ ಇಲ್ಲ ರೀ. ಎರಡು ಸಲದ್ದು ಹಾಕಿಸಿಲ್ಲ ನೀವು."

ಹೆಂಗಸರೆಲ್ಲ ಅಕ್ಕನ ಮುಖ ನೋಡಿದರು. ಅಕ್ಕ ನನ್ನ ಮುಖ ನೋಡಿದಳು, ಆಮೇಲೆ ನನ್ನ ಅಂಗಿಯ ಕಿಸೆಯಿಂದ ಅರ್ಧ ಇಣುಕುತ್ತಿದ್ದ ಆ ನಾಲ್ಕು ಕಣ್ಣಿನ ಫೋನನ್ನು. ಚಿಕ್ಕಂದಿನಲ್ಲಿ ಬೆಲ್ಲ ಕದ್ದ ನನ್ನ ಕೈಯನ್ನೂ ಹೀಗೆಯೇ ನೋಡುತ್ತಿದ್ದಳು. ನಾನು ನೆಲ ನೋಡಿದೆ. ಅವಳು ತನ್ನ ಫೋನನ್ನು ಎತ್ತಿಕೊಂಡು, ಸಾವಕಾಶ ಚೀಲದೊಳಗೆ ಇಳಿಸಿ, ದಾರ ಎಳೆದಳು.

"ಹೌದ್ರಿ, ಹಾಕ್ಸಿಲ್ಲ. ನಮ್ಮ ತಮ್ಮ ಹಾಕಸ್ತೀನಿ ಅಂದಿದ್ದ, ನಾನs ಬ್ಯಾಡ ಅಂದೀನಿ. ಟಾವರ್ ಇಲ್ದ ಊರಾಗ ರೊಕ್ಕಾ ಯಾಕ ಹಾಕ್ಬೇಕು? ಮೊದ್ಲ ಟಾವರ್ ಸರಿ ಮಾಡ್ರಿ. ಆಮ್ಯಾಲೆ ರೊಕ್ಕಾ ಕೇಳ್ರಿ."

ಆಮೇಲೆ ಹಿಂದಿನಿಂದ ಒಬ್ಬಳು ತಾನೂ ಹಾಕಿಸುವುದಿಲ್ಲ ಎಂದಳು. ಮಹಾಗಾಂವದವರು ತಾವೂ ಇಲ್ಲ ಎಂದರು. ಅಷ್ಟೂ ಹೆಂಗಸರು ತಮ್ಮ ತಮ್ಮ ಫೋನುಗಳನ್ನು ತೆಗೆದು ಸಾಹೇಬನ ಮೇಜಿನ ಮೇಲೆ ಸಾಲಾಗಿ ಇಟ್ಟರು, ಉಡಿ ತುಂಬುವವರ ಹಾಗೆ. ಸರಿಯಾಗುವ ತನಕ ನಿಮ್ಮ ಹತ್ತಿರವೇ ಇರಲಿ, ನಮಗೆ ಬೇಡ ಎಂದರು. ನನ್ನ ಕಳ್ಳತನ ಕಣ್ಣ ಮುಂದೆಯೇ ಒಂದು ಚಳವಳಿಯಾಗಿಬಿಟ್ಟಿತು!

ಸಾಹೇಬ ಅವರ ಎದುರಿಗೇ ಯಾರುಯಾರಿಗೋ ಫೋನು ಹಚ್ಚಿದ. ಎಲ್ಲರಿಗೂ ಚಹಾ ತರಿಸಿದ. ಆ ವಾರ ಮುಗಿಯುವುದರೊಳಗೆ ಹೊಸ ಬ್ಯಾಟರಿ ಬಂತು. ಕರೆಂಟು ಹೋದರೂ ಟಾವರು ನಿಂತಿತು. ಓ.ಟಿ.ಪಿ. ಒಲೆಯ ಮುಂದೆಯೇ ಬಂತು. ಕಮಲಾಪುರದವರು ಅಕ್ಕನಿಗೆ ಗುಡಿಯ ಕಟ್ಟೆಯ ಮೇಲೆ ಶಾಲು ಹೊದಿಸಿದರು. ಈಗ ಅವಳಿಗೆ 'ಟಾವರ್ ಬಾಯಿ' ಎಂದೇ ಹೆಸರು. ಪಂಚಾಂಗಕ್ಕೆ ನಕ್ಕಿದ್ದ ದುಕಾನಿನವನು ತಾನಾಗಿ ಮನೆಗೆ ಬಂದು, ಇನ್ನು ಮೇಲೆ ನಿಮ್ಮ ರೀಚಾರ್ಜು ಮನೆ ಬಾಗಿಲಿಗೇ ಬಂದು ಹಾಕುತ್ತೇನೆ ಎಂದ. ಅಕ್ಕ ಅವನಿಗೆ ಎರಡು ಅನಾರಸ ಕೊಟ್ಟು, ಅಳಿಯನ ಮರ್ಯಾದೆ ಮಾಡಿ, ಹಿಂದಿನ ನಗುವನ್ನು ಮನ್ನಿಸಿದಳು.

ನನಗೆ? ಆ ದಿನ ಆಫೀಸಿನಿಂದ ಹೊರಗೆ ಬಂದು ಟೆಂಪೋ ಹತ್ತುವಾಗ ಒಂದೇ ಮಾತು ಕೇಳಿದಳು, ಬೇರೆ ಯಾರಿಗೂ ಕೇಳಿಸದ ಹಾಗೆ.

"ಕಂತು ಇನ್ನಾ ಎಷ್ಟು ಉಳದಾವೋ?"

ಮೂರು ಎಂದೆ. ಹೂಂ ಎಂದಳು. ತಪ್ಪಾಯಿತು ಅಕ್ಕಾ ಎನ್ನಲು ಬಾಯಿ ತೆರೆದೆ. ಟೆಂಪೋ ಹೊರಟೇಬಿಟ್ಟಿತು.

ಅವಳ ರೀಚಾರ್ಜಿನ ಕೆಲಸ ನನ್ನ ಕೈಬಿಟ್ಟಿತ್ತಲ್ಲ, ಚೀಲವೂ ನಿಂತಿತು ಎಂದುಕೊಂಡಿದ್ದೆ. ಮುಂದಿನ ತಿಂಗಳು ಎರಡು ರಿಂಗು ಬಂದವು. ಬಸ್ ಸ್ಟ್ಯಾಂಡಿಗೆ ಹೋಗಿ ಚೀಲ ಇಳಿಸಿಕೊಂಡೆ. ಹಣ್ಣಿನ ಕೆಳಗೆ ಅದೇ ಹಳೆಯ ಸೀರೆಯ ಗಂಟು ಇತ್ತು. ಮೂರು ತಿಂಗಳು ಹಾಗೆಯೇ ಬಂತು, ಕಂತು ತೀರುವ ತನಕ. ಈಗ ಈ ಫೋನಿನ ಯಾವ ಕಣ್ಣು ನನ್ನದು, ಯಾವ ಕಣ್ಣು ಅವಳದು ಎಂದು ಹೇಳುವುದು ಕಷ್ಟ. ಮೊನ್ನೆ ಹಬ್ಬಕ್ಕೆ ಫೋನ್ ದುಕಾನಿನವನು ಕಾಕಾ ಎಂದು ಕರೆದ. ನಾನು ನಿಲ್ಲಲಿಲ್ಲ. ಕವರು ಕಿತ್ತು ಬಿಸಾಡಿದ್ದೇನೆ. ಆ ಬಣ್ಣ ನಿಜಕ್ಕೂ ಚೆಂದವಿದೆ.

ಅಕ್ಕನ ಹೆಸರು ಇಲ್ಲಿ ಬರೆದಿಲ್ಲ, ನೋಡಿದಿರಲ್ಲ? ಅವಳ ಎದುರಿಗೆ ನಿಂತು ಒಂದು ಮಾತು ಹೇಳದವನಿಗೆ ಊರ ಮುಂದೆ ಅವಳ ಹೆಸರು ಹೇಳುವ ಅಧಿಕಾರ ಎಲ್ಲಿಂದ ಬರಬೇಕು? ಅದಕ್ಕೇ ಮೊನ್ನೆ ಗಟ್ಟಿ ಮನಸ್ಸು ಮಾಡಿದೆ. ಮುಂಜಾನೆಯ ರಿಂಗು ಬಂದದ್ದೇ ತಡ, ಕಟ್ ಮಾಡಲಿಲ್ಲ. ಎತ್ತಿದೆ.

ಅತ್ತ ಕಡೆ ಗುಡಿಯ ಗಂಟೆ ಕೇಳಿಸುತ್ತಿತ್ತು. ನಾನು "ಅಕ್ಕಾ" ಎಂದೆ. ತಪ್ಪಾಯಿತು ಎನ್ನುವ ಮೊದಲೇ ಅವಳೇ ಕೇಳಿದಳು:

"ಯಾಕೋ ತಮ್ಮಾ, ಗುಳಿಗಿ ತೀರ್ಯಾವೇನು?"

"ಹೂಂ" ಎಂದುಬಿಟ್ಟೆ.

"ಮೊದ್ಲs ಹೇಳಬಾರದಾ" ಎಂದು ಇಟ್ಟಳು.

ಹತ್ತು ಗಂಟೆಗೆ ಎರಡು ರಿಂಗು ಬಂದವು. ಕಮಲಾಪುರದ ಬಸ್ಸಿನಲ್ಲಿ ಕೆಂಪು ಬಾಳೆಹಣ್ಣಿನ ಜೊತೆ ಬಿ.ಪಿ. ಗುಳಿಗೆಯ ನಾಲ್ಕು ಪಟ್ಟಿ ಬಂದಿದ್ದವು. ಮನೆಯಲ್ಲಿ ಮೊದಲೇ ತುಂಬಿದ ಡಬ್ಬಿ ಇತ್ತು. ಅದರ ಪಕ್ಕ ಜಾಗ ಮಾಡಿ ಇವನ್ನೂ ಇಟ್ಟು, ಮೊದಲು ಇವುಗಳಲ್ಲೇ ಒಂದನ್ನು ತಗೊಂಡೆ.