ಇಳಿಜಾರಿನಲ್ಲಿ ಮಾತ್ರ ಎಚ್ಚರವಾಗುವ ಮೋಟಾರ್‌ಸೈಕಲ್ ಮಹಾಶಯರಿಗೆ

ಮಾನ್ಯರೇ,

ನಮ್ಮ ಮನೆಯ ಮೆಟ್ಟಿಲ ಕೆಳಗೆ ಹಳೆಯ ಬೆಡ್‌ಶೀಟ್ ಹೊದ್ದು, ಒಂದೇ ಕಾಲಿನ ಮೇಲೆ ಓರೆಯಾಗಿ ನಿಂತು ವಿಶ್ರಮಿಸುತ್ತಿರುವ ತಮ್ಮ ಘನ ಸನ್ನಿಧಿಗೆ ಈ ಮನೆಯ ಮಗಳ ವಂದನೆಗಳು. ತಾವು ವಯಸ್ಸಿನಲ್ಲಿ ನನಗಿಂತ ಹಿರಿಯರು, ಅಪ್ಪನ ಪ್ರೀತಿಯಲ್ಲಿ ಇನ್ನೂ ಹಿರಿಯರು. ಆದ್ದರಿಂದ ಮಾತು ಹೆಚ್ಚುಕಮ್ಮಿಯಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಪೆಟ್ರೋಲನ್ನಂತೂ ತಪ್ಪದೆ ಹಾಕಿಕೊಳ್ಳುತ್ತಿದ್ದೀರಿ. ನಮ್ಮಿಬ್ಬರ ವಿಷಯ ಇಡೀ ಬೀದಿಗೆ ಗೊತ್ತಿರುವುದರಿಂದ ಈ ಪತ್ರವನ್ನೂ ಪತ್ರಿಕೆಗೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಅಪ್ಪ ಪತ್ರಿಕೆಯಲ್ಲಿ ಕ್ರೀಡಾ ಪುಟ ಬಿಟ್ಟು ಬೇರೇನೂ ಓದುವುದಿಲ್ಲ ಎಂಬ ಧೈರ್ಯವೂ ಇದೆ.

ಮೊದಲಿಗೆ ಕೃತಜ್ಞತೆ. ಸಾಹಿತ್ಯದ ಪದವಿ ಮುಗಿಯುವವರೆಗೂ ಪಕ್ಕದ ಬೆಂಚಿನವಳ ಹತ್ತಿರ ಪೆನ್ನು ಕೇಳಲು ಹಿಂದೆಮುಂದೆ ನೋಡುತ್ತಿದ್ದ ನಾನು, ತಮ್ಮ ಕೃಪೆಯಿಂದ ಈಗ ಸಿಗ್ನಲ್ಲಿನಲ್ಲಿ ನಿಂತ ಅಪರಿಚಿತರನ್ನೂ "ಅಣ್ಣಾ, ಸ್ವಲ್ಪ ನೂಕ್ತೀರಾ?" ಎಂದು ಕೇಳಬಲ್ಲೆ. ಔಷಧಿ ಅಂಗಡಿಯವರು, ಟೈಲರು, ವಾಕಿಂಗ್ ಹೊರಟ ನಿವೃತ್ತ ಹೆಡ್‌ಮಾಸ್ಟರು ಎಲ್ಲರೂ ತಮ್ಮ ಬೆನ್ನಿಗೆ ಕೈ ಹಚ್ಚಿದ್ದಾರೆ, ಮತ್ತು ಎಲ್ಲರೂ ನೂಕುವ ಮೊದಲು ತಪ್ಪದೆ "ಪೆಟ್ರೋಲ್ ಇದೆಯೇನಮ್ಮಾ?" ಎಂದು ಕೇಳಿದ್ದಾರೆ.

ಕಿಕ್ಕಿಗೂ ಬಗ್ಗದೆ, ಉರುಳಿಸಿದರೆ ಮಾತ್ರ ಏಳುವ ತಮಗೆ ಸಮತಟ್ಟಾದ ನೆಲ ಕಂಡರಾಗದು ಎಂಬುದನ್ನು ನಮ್ಮ ಕುಟುಂಬ ಒಪ್ಪಿಕೊಂಡಿದೆ. ತಮ್ಮ ಸಲುವಾಗಿಯೇ ದಂತವೈದ್ಯರನ್ನು ಬದಲಿಸಿ ಇಳಿಜಾರು ರಸ್ತೆಯವರನ್ನು ಹಿಡಿದಿದ್ದೇವೆ. ಮಟ್ಟಸ ಬೀದಿಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗುವುದನ್ನು ಬಿಟ್ಟು ದಿಬ್ಬದ ಮೇಲಿನ ಸೋದರತ್ತೆಯ ಮನೆಗೇ ಹೋಗುತ್ತಿರುವುದರಿಂದ, ಅಪ್ಪ ಸ್ವಂತ ತಂಗಿಯ ಕಡೆ ವಾಲಿದ್ದಾರೆಂದು ಚಿಕ್ಕಮ್ಮ ಮುನಿಸಿಕೊಂಡಿದ್ದಾರೆ.

ಆದರೆ ನಾನು ಪಾಠ ಮಾಡುವ ಸಂಜೆ ಕಾಲೇಜನ್ನು, ಕಟ್ಟಿದವರು ತಮ್ಮನ್ನು ಒಂದು ಮಾತು ಕೇಳದೆ, ಬಸ್ಸೂ ಹೋಗದ ಸಪಾಟು ಜಾಗದಲ್ಲಿ ಕಟ್ಟಿಬಿಟ್ಟಿದ್ದಾರೆ. ಅಲ್ಲಿಗೆ ಆಗಲೇ ಎರಡು ಸಲ ತಡವಾಗಿ ತಲುಪಿ, ಕವಿತೆಯ ಪುಟದ ಮೇಲೆ ಗ್ರೀಸಿನ ಹೆಬ್ಬೆಟ್ಟು ಒತ್ತಿದ್ದೇನೆ. "ಇನ್ನೊಂದು ಸಲ ಹೀಗಾದ್ರೆ ಕ್ಲಾಸು ಬೇರೆಯವರಿಗೆ ಕೊಡ್ಬೇಕಾಗುತ್ತೆ ಕಣಮ್ಮ" ಎಂದು ಪ್ರಾಂಶುಪಾಲರು ಬಹಳ ಮೆತ್ತಗೆ ಹೇಳಿದ್ದಾರೆ. ಅವರು ಗದರುವಾಗ ಇಷ್ಟು ಭಯವಾಗುವುದಿಲ್ಲ. ಆದ್ದರಿಂದ, ಮುಂದೆ ತಾವು ಕೈಕೊಡುವುದಾದರೆ ಹಿಂದಿನ ದಿನವೇ ತಿಳಿಸಬೇಕಾಗಿಯೂ, ಅದು ಸಾಧ್ಯವಾಗದಿದ್ದರೆ ಕಾಲೇಜನ್ನು ಗುಡ್ಡದ ಮೇಲಕ್ಕೆ ಸಾಗಿಸಲು ನೆರವಾಗಬೇಕಾಗಿಯೂ ವಿನಂತಿ.

ಮೆಕ್ಯಾನಿಕ್ ಮಹಾಶಯರು ತಮ್ಮ ನಾಡಿ ಹಿಡಿಯದೆಯೇ ಪ್ರತಿ ಸಲ "ಬ್ಯಾಟ್ರಿ ಹೋಗಿದೆ" ಎಂದರು. ಚಾರ್ಜ್ ಮಾಡಿಸಿ ತಂದರೆ ತಾವು ಒಂದೆರಡು ದಿನ ಮದುವೆಯ ಗಂಡಿನಂತೆ ಗತ್ತಿನಿಂದ ಓಡಾಡಿ, ಆಮೇಲೆ ಹಾರ್ನ್ ಒತ್ತಿದರೆ ನೆಗಡಿ ಬಂದವರಂತೆ ಮೂಗಿನಲ್ಲಿ ಉಲಿದು ಮಲಗುತ್ತಿದ್ದಿರಿ. ಹೊಸ ಬ್ಯಾಟರಿಗೂ ಅದೇ ಗತಿಯಾದಾಗ ಅಮ್ಮ, "ಗುಜರಿಗೆ ಹಾಕಿ ನಡ್ಕೊಂಡು ಹೋಗೇ, ಬೇಗ ತಲುಪ್ತೀಯ" ಎಂದಳು. ಅಪ್ಪ ಮಾತ್ರ ತಮ್ಮ ಟ್ಯಾಂಕು ಸವರುತ್ತಾ, "ಬಣ್ಣ ನೋಡೇ, ಕನ್ನಡಿ ಇದ್ದ ಹಾಗಿದೆ" ಎಂದರು.

ಕಡೆಗೆ ಎಲೆಕ್ಟ್ರಿಷಿಯನ್ ಮಾವನ ಮೀಟರನ್ನು ಎರವಲು ತಂದು, ತಮ್ಮ ಕೈಪಿಡಿಯನ್ನು ಪರೀಕ್ಷೆಗೆ ಓದುವಂತೆ ಓದಿದೆ. ಎಂಜಿನ್ ಓಡುವಾಗ ಬ್ಯಾಟರಿಯ ವೋಲ್ಟೇಜು ಏರಬೇಕಂತೆ. ನಾನು ಎಷ್ಟು ಆಕ್ಸಿಲರೇಟರ್ ತಿರುವಿದರೂ ಅಂಕಿ ಜಪ್ಪಯ್ಯ ಎನ್ನಲಿಲ್ಲ. ಪಾಪ, ಬ್ಯಾಟರಿಗೆ ಊಟವೇ ಹೋಗುತ್ತಿರಲಿಲ್ಲ. ಅದಕ್ಕೆ ಕರೆಂಟು ಕಳಿಸುವ ರೆಕ್ಟಿಫೈಯರ್ ಎಂಬ ಡಬ್ಬಿಯಿಂದ ಹೊರಟ ವೈರನ್ನು ಹಿಂಬಾಲಿಸಿದರೆ, ಅದರ ತುದಿಯನ್ನು ಚಾಸಿಗೆ, ಅಂದರೆ ತಮ್ಮ ಚೌಕಟ್ಟಿಗೆ, ಬಿಗಿದ ಬೋಲ್ಟಿನ ಕೆಳಗೆ ಬರೀ ಲೋಹ ಇರಬೇಕಾದಲ್ಲಿ ಬಣ್ಣವಿತ್ತು. ಒಂದರ ಮೇಲೊಂದು ಬಳಿದ, ನುಣುಪಾದ, ಕರೆಂಟನ್ನು ದಾಟಗೊಡದ ಕಡುನೀಲಿ ಬಣ್ಣ.

ಅಂಗಡಿಗಳಿಗೆ ಬೋರ್ಡು ಬರೆಯುವ ಅಪ್ಪ, ನನಗೆ ಕೆಲಸ ಸಿಕ್ಕಿದ ವಾರ "ಮಗಳು ಕಾಲೇಜಿಗೆ ಹೋಗೋ ಗಾಡಿ" ಎಂದು ತಮ್ಮನ್ನು ಪೂರ್ತಿ ಬಿಚ್ಚಿ, ಎಲ್ಲೂ ತುಕ್ಕು ಹಿಡಿಯಬಾರದೆಂದು ಬೋಲ್ಟಿನ ಕೆಳಗೂ ಬಿಡದೆ ಬಳಿದಿದ್ದರು. ತಮ್ಮ ಕಾಯಿಲೆ ಶುರುವಾದದ್ದು ಆಗಲೇ.

ಮರಳು ಕಾಗದದಿಂದ ಹೆಬ್ಬೆರಳಗಲ ಜಾಗ ಉಜ್ಜಿ, ಬೋಲ್ಟ್ ಬಿಗಿದು, ಬ್ಯಾಟರಿಯನ್ನು ಇನ್ನೊಮ್ಮೆ ಚಾರ್ಜ್ ಮಾಡಿಸಿದೆ. ಈ ವಾರವಿಡೀ ತಾವು ಸಪಾಟು ನೆಲದಲ್ಲೇ ಎದ್ದಿರಿ. ನಾನು ಕಾಲೇಜಿನ ಬೀಗ ತೆಗೆಯುವ ಮೊದಲೇ ತಲುಪಿ ವಾಚ್‌ಮನ್‌ನ ಅನುಮಾನಕ್ಕೆ ಗುರಿಯಾದೆ. ಉಳಿದಿರುವುದು ಒಂದೇ ಕೋರಿಕೆ: ಈ ಸಂಗತಿಯನ್ನು ತಾವೇ ಅಪ್ಪನಿಗೆ ತಿಳಿಸಬೇಕು. ದಾರಿಹೋಕರಿಗೆ "ನೂಕಿ" ಎನ್ನುವಷ್ಟು ಧೈರ್ಯ ಕಲಿಸಿದ್ದೀರಿ; ಅಪ್ಪನ ಬಣ್ಣ ಹೆಚ್ಚಾಯಿತು ಎನ್ನುವಷ್ಟು ಕಲಿಸಿಲ್ಲ.

ಇಷ್ಟು ದಿನ ತಮ್ಮ ಮೇಲೆ ಕೂತದ್ದಕ್ಕಿಂತ ಹಿಂದೆಯೇ ಹೆಚ್ಚು ಪ್ರಯಾಣ ಮಾಡಿದ,
ತಮ್ಮ ವಿಶ್ವಾಸಿ,
ಈ ಮನೆಯ ಮಗಳು

ತಾ.ಕ.: ಇದನ್ನು ಮಡಚುವಷ್ಟರಲ್ಲಿ ಕೆಳಗಿನಿಂದ, "ಯಾರೇ ಇದು, ಇಲ್ಲಿ ಕೆರೆದು ಗಾಯ ಮಾಡಿರೋದು? ಇರು, ಒಂದು ಕೋಟ್ ಎಳೀತೀನಿ" ಎಂದು ಅಪ್ಪ ಕೂಗುವುದೂ, ಬಣ್ಣದ ಡಬ್ಬಿಯ ಮುಚ್ಚಳ ಮೀಟುವ ಸದ್ದೂ ಕೇಳಿಸಿತು. ನಾಳೆ ಸಂಜೆ ಕ್ಲಾಸಿದೆ. ಬೇರೆ ದಾರಿ ಕಾಣದೆ ನಾನೇ ಮೆಟ್ಟಿಲಿಳಿದು ಬರುತ್ತಿದ್ದೇನೆ. ನನ್ನ ಬಾಯಿ ಕಟ್ಟಿದರೆ ತಾವು ಒಂದು ಸಲ ಹಾರ್ನ್ ಹೊಡೆಯಿರಿ. ಬ್ಯಾಟರಿ ಈಗ ತುಂಬಿದೆ, ನೆಪ ಹೇಳಬೇಡಿ.