ಎರಡು ಗೇಟ್‌ವೇಗಳ ಉಪಚಾರ

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವನಿಗೆ ಎರಡು ಡಬ್ಬಿಗಳನ್ನು ಪರಸ್ಪರ ಮಾತಾಡಿಸುವುದು ಯಾವ ಮಹಾ ಕೆಲಸ? ಕಲ್ಲುಗುಂಡಿಯ ನಮ್ಮ ಹನ್ನೊಂದು ಮನೆಗಳ ನೀರಿನ ಸಮಿತಿಯಲ್ಲಿ ನಾನು ಎದೆಯುಬ್ಬಿಸಿ ಹೀಗೆಂದೆ. ಡಬ್ಬಿಗಳೆಂದರೆ ಕಾರ್ಖಾನೆಗಳಲ್ಲಿ ಬಳಸುವ ವಯರ್‌ಲೆಸ್ ಗೇಟ್‌ವೇಗಳು. ಒಂದು ಗುಡ್ಡದ ಟ್ಯಾಂಕಿನ ಬಳಿ, ಇನ್ನೊಂದು ಹೊಳೆಬದಿಯ ಪಂಪಿನ ಬಳಿ. ನೀರು ಕಾಲುಭಾಗಕ್ಕೆ ಇಳಿದರೆ ಮೇಲಿನದು ಸಂದೇಶ ಕಳಿಸಬೇಕು, ಕೆಳಗಿನದು ಪಂಪು ಹಾಕಬೇಕು. ಯಾವಾಗ ಕಳಿಸಬೇಕೆಂಬ ಷರತ್ತಿಗೆ ‘ಟ್ರಿಗ್ಗರ್’ ಎನ್ನುತ್ತಾರೆ. ಲ್ಯಾಪ್‌ಟಾಪಿನಲ್ಲಿ ಅದನ್ನು ತುಂಬುವುದಷ್ಟೇ ಬಾಕಿ.

ಪಕ್ಕದ ಮನೆಯ ಅಬ್ದುಲ್ಲಾಕ ಮಾತ್ರ ಚಿಂತೆಯಲ್ಲಿದ್ದರು. ಭಾನುವಾರ ಅವರ ಮಗಳ ನಿಶ್ಚಯ.

“ಗಂಡಿನ ಕಡೆಯಿಂದ ಅರುವತ್ತು ಜನ ಬರ್ತಾರೆ ಮಾಷ್ಟ್ರೇ. ನೀರು ನಿಂತ್ರೆ ನನ್ನ ಮರ್ಯಾದೆ ಹೋಯ್ತು.”

“ನೀವು ಬಿರಿಯಾನಿ ನೋಡ್ಕೊಳ್ಳಿ. ನೀರು ನನಗೆ ಬಿಡಿ!”

“ಅದೊಂದು ದಿನ ಕೈಯಲ್ಲೇ ಸ್ವಿಚ್ ಹಾಕಿದ್ರೆ ಎಂತ ಆಗುದು ನಿಮಗೆ?” ಎಂದಳು ನನ್ನ ಹೆಂಡತಿ ಪುಷ್ಪ. ವಿಜ್ಞಾನದ ವಿರೋಧಿಗಳು ಮನೆಯೊಳಗೇ ಇರುತ್ತಾರೆ!

ನೀರಿನ ಮಟ್ಟದ ಷರತ್ತನ್ನು ತುಂಬಿದೆ. ಪಟ್ಟಿಯ ಕೊನೆಗೆ ಇನ್ನೊಂದು ಆಯ್ಕೆ ಕಂಡಿತು: ಸಂದೇಶ ಬಂದಾಗಲೂ ಸಂದೇಶ ಕಳಿಸಬೇಕೇ? ಇದೆಂಥ ಪ್ರಶ್ನೆ! ನಮ್ಮೂರಲ್ಲಿ ದಾರಿಯಲ್ಲಿ ಸಿಕ್ಕಿದವರು “ಊಟ ಆಯ್ತಾ?” ಎಂದರೆ “ಆಯ್ತು, ನಿಮ್ದು?” ಎನ್ನದೆ ಹೋಗುವುದುಂಟೇ? ಯಂತ್ರವಾದರೂ ಕಲ್ಲುಗುಂಡಿಯ ಯಂತ್ರ. ಎರಡೂ ಡಬ್ಬಿಗಳಲ್ಲಿ ಅದಕ್ಕೆ ಟಿಕ್ ಹಾಕಿದೆ. ಇನ್ನು ಯಾಕೆಂದು ಪಂಪಿನ ಹಳೆಯ ಸ್ವಿಚ್ಚನ್ನೂ ಕಿತ್ತು ಬಿಸಾಡಿದೆ.

ಶನಿವಾರ ಪರೀಕ್ಷೆಗೆಂದು ಮೇಲಿನ ಡಬ್ಬಿಯಿಂದ ಒಂದು ಸಂದೇಶ ಕಳಿಸಿದೆ. ಆಗಿನಿಂದಲೇ ಎರಡೂ ಡಬ್ಬಿಗಳ ದೀಪ ಬಿಡುವಿಲ್ಲದೆ ಮಿನುಗತೊಡಗಿತು. “ನೋಡಿ, ಎಷ್ಟು ಚುರುಕು!” ಎಂದು ನಾನು ಬಂದವರಿಗೆಲ್ಲ ತೋರಿಸಿದೆ.

ಭಾನುವಾರ ಮಧ್ಯಾಹ್ನ ಮೊದಲ ಪಂಕ್ತಿಯವರು ಬಿರಿಯಾನಿ ಮೆತ್ತಿದ ಕೈ ಹಿಡಿದುಕೊಂಡು ಎದ್ದರು. ನಲ್ಲಿ ಒಮ್ಮೆ ಕೆಮ್ಮಿತು. ಅಷ್ಟೇ!

“ಮಾಷ್ಟ್ರೇ...” ಎಂದರು ಅಬ್ದುಲ್ಲಾಕ.

ಹೊಳೆಬದಿಗೆ ಓಡಿ ಲ್ಯಾಪ್‌ಟಾಪು ತೆರೆದೆ. ನನ್ನ ಪರೀಕ್ಷೆಯ ಸಂದೇಶಕ್ಕೆ ಕೆಳಗಿನದು ಉತ್ತರ ಕೊಟ್ಟಿತ್ತು. ಆ ಉತ್ತರಕ್ಕೆ ಮೇಲಿನದು ಮರುಉತ್ತರ ಕೊಟ್ಟಿತ್ತು. ಹೀಗೆ ಇಡೀ ಒಂದು ದಿನ! ‘ಟ್ಯಾಂಕು ಖಾಲಿ’ ಎಂಬ ಏಕೈಕ ನಿಜವಾದ ಸುದ್ದಿ ಸಾವಿರಾರು ಕುಶಲೋಪರಿಗಳ ಹಿಂದೆ ಸಾಲಿನಲ್ಲಿ ನಿಂತಿತ್ತು. ಕೈಯಲ್ಲೇ ಪಂಪು ಹಾಕೋಣವೆಂದರೆ ಸ್ವಿಚ್ಚೆಲ್ಲಿದೆ? ನನ್ನ ಮೇಲೆಯೇ ನನಗೆ ಕೆಟ್ಟ ಕೋಪ ಬಂತು.

ಉಳಿದದ್ದು ನಮ್ಮ ಮನೆಯ ಬಾವಿ. ಪುಷ್ಪ ನೀರು ಸೇದಿದಳು. ನಾನು ಪಂಚೆ ಎತ್ತಿ ಕಟ್ಟಿ, ಕೊಡಪಾನ ಹೊತ್ತು ತಂದು, ಅರುವತ್ತು ಜನರ ಕೈಗೂ ಒಬ್ಬೊಬ್ಬರಿಗೂ ಬಗ್ಗಿ ನೀರು ಹೊಯ್ದೆ. ಅಬ್ದುಲ್ಲಾಕ ತಲೆ ತಗ್ಗಿಸಿ ನಿಂತಿದ್ದರು.

ಕೊನೆಗೆ ಕೈತೊಳೆದವರು ಗಂಡಿನ ತಂದೆ. ಅವರು ಅಬ್ದುಲ್ಲಾಕರ ಹೆಗಲು ತಟ್ಟಿದರು. “ಎಂಥ ಮರ್ಯಾದೆ ಮಾಡಿದ್ರಿ ಮಾರಾಯ್ರೆ! ಕೈಗೆ ನೀರು ಹೊಯ್ಯಲಿಕ್ಕೂ ಜನ ಇಟ್ಟಿದ್ದೀರಿ. ಮದುವೆಗೂ ಇವರನ್ನೇ ಕರೀರಿ, ಒಳ್ಳೆ ಅಭ್ಯಾಸ ಉಂಟು.”

ಅಬ್ದುಲ್ಲಾಕ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಪುಷ್ಪ ಹೇಳಿದಳು:

“ಬರ್ತಾರೆ. ಒಂದು ಊಟ ಕೊಟ್ರೆ ಸಾಕು.”

ನಾನು ವಿನಯದಿಂದ ತಲೆಯಾಡಿಸಿದೆ.