ಅಧ್ಯಾಯ ಮುಗಿಯುವವರೆಗೆ ಒಂದು ಟಿಕೆಟ್ಟು

ನಮ್ಮ ಸೋದರತ್ತೆ ವಾರಕ್ಕೆ ಮೂರು ಸಲ ನಾಗಮಂಗಲದಿಂದ ಶ್ರೀರಂಗಪಟ್ಟಣಕ್ಕೆ ಹೋಗುತ್ತಾಳೆ. ಅಲ್ಲಿ ಅವಳಿಗೆ ದೇವಸ್ಥಾನ ಬೇಡ, ಹೊಳೆ ಬೇಡ, ನೆಂಟರಂತೂ ಬೇಡವೇ ಬೇಡ. ಇಳಿದ ಕಾಲಲ್ಲೇ ವಾಪಸ್ಸು ಬಸ್ಸು ಹತ್ತುತ್ತಾಳೆ! ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ.

ಮೊದಲು ಗಾಬರಿಬಿದ್ದದ್ದು ಅವಳ ತಮ್ಮ, ಅಂದರೆ ನಮ್ಮಪ್ಪ. "ಕಾಯ್ಲೆ ಮುಚ್ಚಿಡ್ತಾವ್ಳೆ. ಕದ್ದು ಡಾಕ್ಟ್ರತ್ರ ಹೋಯ್ತಾವ್ಳೆ," ಎಂಬುದು ಅಪ್ಪನ ವಾದ. ಯಾವುದೋ ಹರಕೆ ಇರಬೇಕು ಎಂಬುದು ಅಮ್ಮನದು. ಎರಡಕ್ಕೂ ಆಧಾರವಿಲ್ಲ ಎಂದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದವಳಿಗೆ ಇಷ್ಟು ಹೇಳದಿದ್ದರೆ ಊಟ ಸೇರುತ್ತದೆಯೇ? "ಅಂಗಾದ್ರೆ ನೀನೇ ಹೋಗಿ ಆಧಾರ ತತ್ತಾ," ಎಂದರು ಅಪ್ಪ.

ಮರುದಿನ ಅವಳ ಹಿಂದೆಯೇ ಬಸ್ಸು ಹತ್ತಿದೆ. ಅತ್ತೆ ಕಿಟಕಿ ಪಕ್ಕ ಕೂತಿದ್ದಳು. ತೊಡೆಯ ಮೇಲೆ ರಟ್ಟು ಕಿತ್ತುಹೋದ ದಪ್ಪ ಕಾದಂಬರಿ. ಹೆಂಗಸರಿಗೆ ಉಚಿತ ಟಿಕೆಟ್ಟು ಕೊಡುತ್ತಾ ಬಂದ ಕಂಡಕ್ಟರು ಕೇಳಿದ:

"ಎಲ್ಲಿಗವ್ವಾ?"

"ಅಧ್ಯಾಯ ಮುಗಿಯೋಗಂಟ ಕೊಡಪ್ಪ."

"ಅದ್ಯಾವ್ ಸ್ಟಾಪು?"

"ಪಾಂಡವಪುರ ದಾಟುದ್ ಮೇಲೆ ಮುಗೀಬೌದು. ಎಲ್ಲಾ ನಿನ್ ರೋಡು ಎಷ್ಟು ಕುಲುಕ್ತದೆ ಅನ್ನೋದ್ರ ಮೇಲದೆ."

ನಾನು ಪಕ್ಕದಲ್ಲಿ ಕೂತು ವಿಚಾರಣೆ ಶುರುಮಾಡಿದೆ. "ಮನೇಲೇ ಓದಿದ್ರೆ ಏನಾಗುತ್ತೆ ಅತ್ತೆ?"

"ಮನೇಲಿ ಪುಸ್ತ್ಕ ಇಡ್ಕೊಂಡ್ ಕೂತ್ರೆ ಹುಲ್ಲಾಕು, ಹಾಲು ಕರಿ ಅಂತಾರೆ. ಬಸ್ಸಲ್ ಕೂತೋಳ್ಗೆ ಯಾರಾರ ಕೆಲ್ಸ ಹೇಳಿದ್ದು ಕಂಡಿದ್ದೀಯಾ?"

ಚರ್ಚಾಸ್ಪರ್ಧೆಯಾಗಿದ್ದರೆ ಆ ಅಂಕ ಅತ್ತೆಗೇ.

ಮದುವೆಗೆ ಮುಂಚೆ ಅತ್ತೆ ಕಡಲೆಕಾಯಿ ಕಟ್ಟಿದ ಕಾಗದವನ್ನೂ ಓದದೆ ಬಿಡುತ್ತಿರಲಿಲ್ಲವಂತೆ. ಆಮೇಲಿನ ಮೂವತ್ತು ವರ್ಷ ಗೋಡೆಯ ಕ್ಯಾಲೆಂಡರು ಬಿಟ್ಟು ಬೇರೇನೂ ಓದಲಿಲ್ಲ. ನಾನೇನು ಮಹಾ? ಪುಸ್ತಕ ಎಂದರೆ ಎದುರಾಳಿಯನ್ನು ಕೆಡವುವ ದೊಣ್ಣೆ ಎಂದುಕೊಂಡು ಎಷ್ಟೋ ಕಾಲವಾಯಿತು. ಕಥೆಯಲ್ಲಿ ಮಳೆ ಬಂದರೂ ಅಂಚಿನಲ್ಲಿ 'ಆಧಾರ?' ಎಂದು ಪೆನ್ಸಿಲ್ಲಿನಲ್ಲಿ ಗೀಚುತ್ತೇನೆ.

ಮೇಲುಕೋಟೆ ಕ್ರಾಸಿನಲ್ಲಿ ಅತ್ತೆ ಪುಸ್ತಕ ಮುಚ್ಚಿ, ಕಣ್ಣೂ ಮುಚ್ಚಿ, ಏನೋ ಪಿಟಿಪಿಟಿ ಅನ್ನತೊಡಗಿದಳು. ಹೂವಿನ ಬುಟ್ಟಿ ಹೊತ್ತು ಹತ್ತಿದ ಹೆಂಗಸೊಬ್ಬಳು ಭಕ್ತಿಯಿಂದ ಕೈಮುಗಿದಳು.

"ಯಾವ್ ಮಂತ್ರ ತಾಯಿ?"

"ಎರಡ್ನೇ ಎಂಡ್ತಿ ಒಡ್ವೆ ಎತ್ಕೊಂಡ್ ಓಡೋದ ಮಂತ್ರ."

ಹೂವಿನವಳು ಬುಟ್ಟಿ ಇಳಿಸಿ ಹತ್ತಿರ ಸರಿದಳು. "ಅಯ್ಯೋ, ಯಾರ್ ಎಂಡ್ತಿ?"

ಅತ್ತೆ ಬಾಯಿ ತೆರೆದಳು. ಹೆಸರು ಬರಲಿಲ್ಲ. ಪುಟ ಹಿಂದಕ್ಕೆ ತಿರುವಿದಳು, ಮುಂದಕ್ಕೆ ತಿರುವಿದಳು. ಆಗ ಕಂಡೆ: ಒಂದೇ ಒಂದು ಪುಟದ ಮೂಲೆ ಸವೆದು ಬಟ್ಟೆಯಂತಾಗಿತ್ತು.

"ಎಷ್ಟು ದಿನದಿಂದ ಈ ಪುಟದಲ್ಲೇ ಇದ್ದೀಯ ಅತ್ತೆ?"

"ತಿಂಗ್ಳಾಯ್ತು." ದನಿ ತಗ್ಗಿತು. "ಓದಿದ್ದು ನಿಲ್ತಿಲ್ಲ ಕಣಮ್ಮಿ. ಪುಟ ತಿರುಗ್ಸೋ ಹೊತ್ಗೆ ಹೋಯ್ತದೆ. ನಮ್ಮವ್ವುಂಗೂ ಮೊದ್ಲು ಇಂಗೇ ಆಗಿದ್ದು. ಮೊದ್ಲು ಹೆಸ್ರು ಹೋದೋ. ಆಮೇಲೆ ನನ್ ಮೊಕ ನೋಡ್ಬುಟ್ಟು, ಯಾರವ್ವ ನೀನು ಅಂದ್ಳು."

ಪುಸ್ತಕ ಕಸಿದುಕೊಂಡು ಅದೇ ಪುಟವನ್ನು ನಾನು ಓದಿ ಮುಚ್ಚಿದೆ. ಓಡಿಹೋದವಳ ಹೆಸರು? ಗಂಡನ ಹೆಸರು? ನನಗೂ ಬರಲಿಲ್ಲ.

"ನಿಂಗೂವೆ ಬರಾಕಿಲ್ವಾ?" ಅತ್ತೆಯ ಕಣ್ಣರಳಿತು.

ಇದರಿಂದ ಸಾಬೀತಾದದ್ದು ನನ್ನ ಓದೂ ಹಾಳಾಗಿದೆ ಎಂದು ಮಾತ್ರ. ಅವಳ ತಲೆ ನೆಟ್ಟಗಿದೆ ಎಂದಲ್ಲ. ಸುಳ್ಳು ಸಮಾಧಾನ ನನಗೆ ಬರುವುದಿಲ್ಲ, ಹಾಗೇ ಹೇಳಿಬಿಟ್ಟೆ. "ಡಾಕ್ಟರಿಗೆ ತೋರಿಸೋಣ ಅತ್ತೆ."

"ಸೋಮವಾರ ತೋರ್ಸಾನ. ಇವತ್ತು ಓದಾನ. ನೀನು ಮಧ್ಯಮಧ್ಯ ಹೆಸ್ರು ಕೇಳ್ತಿರು."

ವಾಪಸ್ಸು ಬಸ್ಸಿನಲ್ಲಿ ಒಂದೇ ಪುಸ್ತಕದ ಮೇಲೆ ಎರಡು ತಲೆ ಬಾಗಿದವು. ಸವೆದ ಪುಟ ದಾಟಿತು, ಇನ್ನೊಂದೂ ದಾಟಿತು. ಪಾಂಡವಪುರದಲ್ಲಿ ಮೆಲ್ಲಗೆ ಕೇಳಿದೆ, "ಅತ್ತೆ, ಓಡಿಹೋದವಳ ಗಂಡನ ಹೆಸರೇನು?"

ಅತ್ತೆ ಪುಟದಿಂದ ಕಣ್ಣೆತ್ತಲಿಲ್ಲ. ಮತ್ತೆ ಕೇಳಿದೆ.

"ಹೆಸ್ರು ಬೆಂಕಿಗಾಕು. ಸುಮ್ಕಿರಮ್ಮಿ, ಅವ್ನು ಬಂದು ಬಾಗ್ಲು ತಟ್ತಾವ್ನೆ," ಎಂದ ಅತ್ತೆ ಪುಟ ತಿರುವಲು ಕೈಹಾಕಿದಳು.

ನಾನು ಅವಳ ಕೈ ಹಿಡಿದುಕೊಂಡೆ.

"ತಡಿ ಅತ್ತೆ. ನಂದಿನ್ನೂ ಎರಡು ಸಾಲು ಇದೆ."